ಸ್ಪೀಡ್ 95 ಇದ್ದರೂ ಆಟದ ನಡುವೆ ಸಂಪರ್ಕ ಕಡಿಯುತ್ತದೆ, ಏಕೆ?

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ): ಸರ್, ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಮನೆಗೆ 100 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ರೂಟರ್ ಕೆಳಗೆ ಹಜಾರದಲ್ಲಿ ಟಿವಿಯ ಹಿಂದಿದೆ, ನನ್ನ ಕೋಣೆ ಮಹಡಿಯಲ್ಲಿದೆ. ಲ್ಯಾಪ್‌ಟಾಪಿನಲ್ಲಿ ವ್ಯಾಲರಂಟ್ ಆಡುವಾಗ ರಾತ್ರಿ ಎಂಟರಿಂದ ಹತ್ತರೊಳಗೆ ಮೂರು ನಾಲ್ಕು ಬಾರಿ ಸಂಪರ್ಕ ಕಡಿದುಹೋಗುತ್ತದೆ. ಪಂದ್ಯ ಬಿಟ್ಟು ಓಡಿದವನೆಂದು ಆಟವೇ ದಂಡ ಹಾಕುತ್ತದೆ, ಜೊತೆಗಾರರ ಬೈಗುಳ ಬೇರೆ. ಸ್ಪೀಡ್ ಟೆಸ್ಟ್ 95 ತೋರಿಸುತ್ತದೆ. ಆಟವನ್ನು ಎರಡು ಸಲ ಅಳಿಸಿ ಮತ್ತೆ ಹಾಕಿದೆ, ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದೆ. ಕಂಪನಿಯವರು ಬಂದು ‘ನಮ್ಮ ಲೈನ್ ಸರಿಯಾಗಿದೆ’ ಎಂದು ಹೇಳಿ ಹೋದರು. ಹೊಸ ರೂಟರ್ ಕೊಳ್ಳಲೇ?

ಉತ್ತರ: ತಮ್ಮಾ, ಸದ್ಯಕ್ಕೆ ಏನನ್ನೂ ಕೊಳ್ಳಬೇಡ. ಆ 95ನ್ನೂ ಮರೆತುಬಿಡು. ಆಟಕ್ಕೆ ಒಂದು ಎಂಬಿಪಿಎಸ್ ಕೂಡ ಪೂರ್ತಿ ಬೇಕಾಗುವುದಿಲ್ಲ. ಪಾಲಿಕೆಯವರು ನೀರು ಬಿಟ್ಟಾಗ ನಾವು ಡ್ರಮ್ಮು ತುಂಬಿಸಿಟ್ಟುಕೊಳ್ಳುತ್ತೇವಲ್ಲ, ವಿಡಿಯೊ ಹಾಗೆ. ಮುಂದಿನ ಅರ್ಧ ನಿಮಿಷದ್ದನ್ನು ಮೊದಲೇ ತುಂಬಿಸಿಕೊಂಡಿರುತ್ತದೆ, ನಡುವೆ ನಲ್ಲಿ ನಿಂತರೂ ನಿನಗೆ ಗೊತ್ತಾಗುವುದಿಲ್ಲ. ಆಟವೆಂದರೆ ನಲ್ಲಿಗೇ ಬೊಗಸೆಯೊಡ್ಡಿ ಕುಡಿಯುವುದು. ಸೆಕೆಂಡಿಗೆ ಮಾಹಿತಿಯ ಹತ್ತಾರು ಸಣ್ಣ ಪೊಟ್ಟಣಗಳು ಹೋಗಿ ಬರುತ್ತಲೇ ಇರಬೇಕು. ಕೆಲವು ಸೆಕೆಂಡು ಅವು ನಿಂತರೆ ನೀನು ಎದ್ದುಹೋದೆ ಎಂದು ಆಟ ನಡೆಸುವ ದೂರದ ಕಂಪ್ಯೂಟರ್, ಅಂದರೆ ಸರ್ವರ್, ತಿಳಿಯುತ್ತದೆ.

ಎಲ್ಲಿ ಕಡಿಯುತ್ತಿದೆ ಎಂಬುದನ್ನು ಮೊದಲು ಹಿಡಿಯೋಣ. ಇಂದು ರಾತ್ರಿ ಆಡುವ ಮುಂಚೆ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟಿನ ಎರಡು ಕಿಟಕಿ ತೆರೆ. ಎರಡರಲ್ಲೂ ಪಿಂಗ್ ಆದೇಶ ಕೊಡು; ಒಂದು ಸಣ್ಣ ಪೊಟ್ಟಣ ಹೋಗಿ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತು ಎಂದು ಅದು ಸಾಲು ಸಾಲಾಗಿ ತೋರಿಸುತ್ತದೆ. ಒಂದರಲ್ಲಿ ನಿನ್ನ ರೂಟರಿನ ವಿಳಾಸ ಇರಲಿ, ಸಾಮಾನ್ಯವಾಗಿ 192.168.1.1 ಇರುತ್ತದೆ, ರೂಟರಿನ ಅಡಿಯ ಚೀಟಿಯಲ್ಲಿ ನೋಡಿಕೋ. ಇನ್ನೊಂದರಲ್ಲಿ ಗೂಗಲಿನ 8.8.8.8 ಇರಲಿ. ಕೊನೆಯಲ್ಲಿ ಅಡ್ಡಗೆರೆ ಹಾಕಿ ಟಿ (-t) ಸೇರಿಸಿದರೆ ನಿಲ್ಲಿಸುವವರೆಗೂ ಅದು ಓಡುತ್ತಲೇ ಇರುತ್ತದೆ. ಆಟ ಕಡಿದ ಕೂಡಲೇ ಎರಡನ್ನೂ ನೋಡು. ಎರಡೂ ಒಟ್ಟಿಗೆ ತಡವರಿಸಿದರೆ ತಪ್ಪು ಮನೆಯೊಳಗಿದೆ. ರೂಟರಿನದು ನೆಟ್ಟಗಿದ್ದು ಗೂಗಲಿನದು ಮಾತ್ರ ನಿಂತರೆ ಕಂಪನಿಯವರನ್ನು ಮತ್ತೆ ಕರೆಸು, ಆ ಪರದೆಯ ಚಿತ್ರ ತೋರಿಸು. ಆಗ ‘ಸರಿಯಾಗಿದೆ’ ಎಂಬ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಎರಡೂ ನೆಟ್ಟಗಿದ್ದು ಆಟ ಮಾತ್ರ ಕಡಿದರೆ, ಯಾವ ಊರಿನ ಸರ್ವರ್ ಆರಿಸಿದ್ದೀಯ ನೋಡು. ಮುಂಬೈ ಇರಲಿ. ಸಿಂಗಪುರ ಇಲ್ಲಿಂದ ಮೂರು ಸಾವಿರ ಕಿಲೋಮೀಟರ್ ದಾಟುತ್ತದೆ, ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡಿದರೂ ಹೋಗಿ ಬರಲು 30 ಮಿಲಿಸೆಕೆಂಡು ಬೇಕೇ ಬೇಕು. ಯಾವ ರೂಟರೂ ಅದನ್ನು ಇಳಿಸಲಾರದು.

ಪ್ರಶ್ನೆ ಕೇಳಿದವರು (ಮರುದಿನ): ಸರ್, ಎರಡೂ ಒಟ್ಟಿಗೇ ನಿಂತವು! ರೂಟರಿನ ಕಿಟಕಿಯಲ್ಲಿ 3, 4 ಎಂದು ಬರುತ್ತಿದ್ದುದು ಇದ್ದಕ್ಕಿದ್ದಂತೆ 400ಕ್ಕೆ ಏರಿತು, ಆಮೇಲೆ ಐದಾರು ಸಾಲು ‘ರಿಕ್ವೆಸ್ಟ್ ಟೈಮ್ಡ್ ಔಟ್’.

ಉತ್ತರ: ಹಾಗಾದರೆ ಪಾಪ, ಕಂಪನಿಯವರು ಈ ಒಂದು ಸಲ ನಿಜವನ್ನೇ ಹೇಳಿದ್ದಾರೆ. ಇದು ವೈಫೈ ತಕರಾರು. ವೈಫೈ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಓಡಾಡುತ್ತದೆ, ನಿನ್ನ ಲ್ಯಾಪ್‌ಟಾಪ್ 2.4ರಲ್ಲಿ ಇರಬೇಕು. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ರಾತ್ರಿ ಎಂಟಕ್ಕೆ ಅಕ್ಕಪಕ್ಕದ ಹತ್ತು ಮನೆಯವರೂ ಟಿವಿ, ಮೊಬೈಲು ಹಿಡಿದು ಕುಳಿತಾಗ ಎಲ್ಲರೂ ಆ ಮೂರರಲ್ಲೇ ಜಗ್ಗಾಡುತ್ತಾರೆ. ನಿನ್ನ ತೊಂದರೆಗೆ ಗಡಿಯಾರ ಇರುವುದು ಅದಕ್ಕೇ. ನಿಮ್ಮ ಅಡುಗೆಮನೆಯಲ್ಲಿ ಮೈಕ್ರೋವೇವ್ ಒಲೆ ಇದ್ದರೆ ಅದೂ ಇದೇ ತರಂಗದ ಆಸುಪಾಸಿನದು.

5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಗದ್ದಲ ಕಡಿಮೆ, ಆದರೆ ಅದು ಆರ್‌ಸಿಸಿ ಛಾವಣಿ ದಾಟುವುದರಲ್ಲಿ ಸೋಮಾರಿ. ಮೊದಲು ರೂಟರನ್ನು ಟಿವಿಯ ಬೆನ್ನಿನಿಂದ ಬಿಡಿಸಿ ಮೆಟ್ಟಿಲ ಕಡೆಗೆ ಎತ್ತರದಲ್ಲಿ ಇಡು. ಲ್ಯಾಪ್‌ಟಾಪಿನ ಡಿವೈಸ್ ಮ್ಯಾನೇಜರಿನಲ್ಲಿ ವಿದ್ಯುತ್ ಉಳಿಸಲು ವೈಫೈ ಅಡಾಪ್ಟರನ್ನು ಬಂದ್ ಮಾಡುವ ಅನುಮತಿ ಇರುತ್ತದೆ, ಆ ಗುರುತನ್ನು ತೆಗೆ. ಇಷ್ಟೆಲ್ಲ ಹೇಳಿದರೂ ನನ್ನ ನಿಜವಾದ ಸಲಹೆ ಒಂದೇ: ರೂಟರಿನಿಂದ ಕೋಣೆಗೆ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆ. 100 ಮೀಟರಿನವರೆಗೆ ಅದಕ್ಕೆ ಆಯಾಸವಿಲ್ಲ. ಅಂಗಡಿಯವರು ವೈಫೈಯನ್ನು ದೂರಕ್ಕೆ ದಾಟಿಸುವ ರಿಪೀಟರ್ ಕೊಡಲು ಬಂದರೆ ಬೇಡ ಎನ್ನು; ಸಾಮಾನ್ಯ ರಿಪೀಟರ್ ಒಂದೇ ಬಾಯಲ್ಲಿ ಕೇಳಿ ಅದೇ ಬಾಯಲ್ಲಿ ಮತ್ತೆ ಹೇಳುತ್ತದೆ, ಆಟಕ್ಕೆ ತಡ ಇನ್ನೂ ಹೆಚ್ಚುತ್ತದೆ.

ಇನ್ನೊಬ್ಬರು (ಹಳೇ ದಾವಣಗೆರೆ): ನಮ್ಮದು ಬೇರೆ ಕಥೆ ಅಣ್ಣ. ರೂಟರ್ ಪಕ್ಕದಲ್ಲೇ ಕುಳಿತರೂ ಕಡಿಯುತ್ತದೆ. ಆಗ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗುತ್ತದೆ. ಹಗಲು ಹೊತ್ತೇ ಹೆಚ್ಚು.

ಉತ್ತರ: ಆ ಕೆಂಪು ದೀಪ ಎಂದರೆ ಹೊರಗಿನಿಂದ ಬೆಳಕು ಬರುತ್ತಿಲ್ಲ ಎಂದರ್ಥ. ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿದರೆ ತೆರೆಯುವ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂಬ ಅಂಕಿ ಹುಡುಕಿ, ಒಳಬರುವ ಬೆಳಕಿನ ಬಲ ಅದು. ಮೈನಸ್ 20ರ ಆಸುಪಾಸು ಇದ್ದರೆ ನಿಶ್ಚಿಂತೆ, ಮೈನಸ್ 27 ಮುಟ್ಟಿದರೆ ಅಂಚಿಗೆ ಬಂದಿದ್ದೀರಿ. ಕಳೆದ ವರ್ಷ ನಿಮ್ಮ ಕಡೆಯೇ ಒಂದು ಮನೆಗೆ ಮೂರು ಸಲ ಹೋಗಿದ್ದೆ. ಹೋದಾಗಲೆಲ್ಲ ಮೈನಸ್ 21, ಏನೂ ಕೊರತೆಯಿಲ್ಲ. ನಾಲ್ಕನೆಯ ಸಲ ಹನ್ನೊಂದು ಗಂಟೆಗೆ ಹೋದೆ. ಮನೆಯ ಅಜ್ಜಿ ಮಾಳಿಗೆಯಲ್ಲಿ ಬಟ್ಟೆ ಹರವುತ್ತಿದ್ದರು, ಫೈಬರ್ ಕೇಬಲ್ ಮೇಲೆ. ಒದ್ದೆ ಕೌದಿಯ ಭಾರಕ್ಕೆ ಕೇಬಲ್ ಕಿಟಕಿಯ ಮೂಲೆಯಲ್ಲಿ ಮಡಚಿಕೊಳ್ಳುತ್ತಿತ್ತು, ಬೆಳಕು ಅಲ್ಲೇ ಸೋರುತ್ತಿತ್ತು. ಕೌದಿ ಒಣಗಿ ಹಗುರಾದ ಮೇಲೆ ದೀಪ ಹಸಿರು. ನಾನು ಹೋಗುತ್ತಿದ್ದುದು ಸಂಜೆಗೆ, ಹೇಗೆ ಸಿಕ್ಕೀತು? ಮಾಳಿಗೆ ಹತ್ತಿ ಒಮ್ಮೆ ನೋಡಿ. ಮಂಗಗಳು ಜಗ್ಗಿದ್ದರೂ ಇದೇ ಲಕ್ಷಣ.

ಮತ್ತೊಬ್ಬರು (ಚಿತ್ರದುರ್ಗ, ಜೋಗಿಮಟ್ಟಿ ರಸ್ತೆ): ನಮ್ಮ ಮಗ ಆಡುವಾಗ ನಾನು ಮೊಬೈಲ್ ಮುಟ್ಟಿದರೆ ‘ಅಮ್ಮಾ, ನಿನ್ನಿಂದಲೇ ಕಡಿಯಿತು’ ಎನ್ನುತ್ತಾನೆ. ಇದು ನಿಜವೇ ಸರ್, ಇಲ್ಲ ಸೋತಿದ್ದಕ್ಕೆ ನೆಪವೇ?

ಉತ್ತರ: ಅರ್ಧ ನಿಜ ಅಮ್ಮಾ. ನೀವು ವಿಡಿಯೊ ನೋಡಿದರೆ ಸಾಮಾನ್ಯವಾಗಿ ಏನೂ ಆಗದು. ಆದರೆ ಮದುವೆಗೆ ಹೋಗಿ ಬಂದು ವೈಫೈ ಹಿಡಿದ ಕೂಡಲೇ ಮೊಬೈಲ್ ತಾನಾಗಿಯೇ ಮುನ್ನೂರು ಫೋಟೊ ಮೇಲಕ್ಕೆ ಕಳಿಸಲು ಶುರುಮಾಡುತ್ತದೆ. ಅಪ್‌ಲೋಡ್ ದಾರಿ ಕಟ್ಟಿಕೊಂಡರೆ ಅವನ ಆಟದ ಪೊಟ್ಟಣಗಳು ಸರದಿಯ ಹಿಂದೆ ನಿಲ್ಲುತ್ತವೆ. ಫೋಟೊ ಬ್ಯಾಕಪ್‌ ಅನ್ನು ಅವನು ಮಲಗಿದ ಮೇಲೆ ಹಾಕಿಕೊಳ್ಳಿ. ರೂಟರಿನಲ್ಲಿ ಕ್ಯೂಒಎಸ್ (ಯಾವುದಕ್ಕೆ ಮೊದಲ ದಾರಿ ಎಂದು ನಿಗದಿಮಾಡುವ ಸೌಲಭ್ಯ) ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ತುಸು ಕೆಳಗೆ ಕಟ್ಟಲು ಮಗನಿಗೇ ಹೇಳಿ. ಉಳಿದರ್ಧ ಸೋಲು ಅವನದೇ.

ಪ್ರಶ್ನೆ ಕೇಳಿದವರು (ಐದು ದಿನಗಳ ನಂತರ): ಸರ್, 18 ಮೀಟರ್ ಕೇಬಲ್ ಎಳೆದೆ. ಐದು ರಾತ್ರಿಯಲ್ಲಿ ಒಮ್ಮೆಯೂ ಕಡಿದಿಲ್ಲ, ರೂಟರಿನ ಕಿಟಕಿಯಲ್ಲಿ ಬರೀ 1 ಬರುತ್ತಿದೆ. ಆದರೆ ಕೇಬಲ್ ಕೋಣೆಯ ಬಾಗಿಲ ಸಂದಿಯಿಂದ ಬಂದಿದೆ, ಬಾಗಿಲು ಮುಚ್ಚುವುದಿಲ್ಲ. ಆಡುವಾಗಿನ ನನ್ನ ಕೂಗಾಟವೆಲ್ಲ ಕೆಳಗೆ ಅಪ್ಪನಿಗೆ ಕೇಳಿಸುತ್ತಿದೆ.

ಉತ್ತರ: ಒತ್ತಿ ಮುಚ್ಚಬೇಡ, ಒಳಗಿನ ತಂತಿ ಮುರಿದರೆ ಮತ್ತೆ ಮೊದಲಿನಿಂದ ಶುರು. ಕಿಟಕಿಯ ಚೌಕಟ್ಟಿನಲ್ಲಿ ಒಂದು ತೂತು ಕೊರೆಸು. ಅಪ್ಪನನ್ನು ಕೇಳಿ ಕೊರೆಸು.