ಆರೋಗ್ಯ ಶಿಬಿರ ನಡೆಸುವ ಸಂಘದ ಉದ್ದೇಶಗಳಲ್ಲಿ ‘ಹಕ್ಕು’ ಎಂಬ ಮಾತು ಇರಬೇಕೇ?

ಪ್ರಶ್ನೆ: ಗಡಿ ತಾಲ್ಲೂಕಿನವಳು

ತುಮಕೂರು ಜಿಲ್ಲೆಯ ಆಂಧ್ರ ಗಡಿಗೆ ಹೊಂದಿದ ಒಂಬತ್ತು ಹಳ್ಳಿಗಳಲ್ಲಿ ನಾವು ಹನ್ನೊಂದು ಮಂದಿ ಸೇರಿ ಆರು ವರ್ಷಗಳಿಂದ ತಿಂಗಳಿಗೊಂದು ಆರೋಗ್ಯ ಶಿಬಿರ ನಡೆಸುತ್ತಿದ್ದೇವೆ. ಇಷ್ಟು ದಿನ ಕೈಯಿಂದಲೇ ಹಣ ಹಾಕಿಕೊಂಡು ನಡೆದ ಕೆಲಸವಿದು. ಈಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಾಯಿಸಿಕೊಳ್ಳಲು ತೀರ್ಮಾನಿಸಿದ್ದು, ಧ್ಯೇಯೋದ್ದೇಶಗಳ ಕರಡು ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ.

ತೊಡಕು ಇರುವುದು ಇಲ್ಲಿ. ನಮ್ಮ ಶಿಬಿರಕ್ಕೆ ಬರುವವರಲ್ಲಿ ಹೆಚ್ಚಿನವರದು ಮಂಡಿನೋವು, ಸೊಂಟನೋವು, ಬಾಗದ ಬೆನ್ನು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿಗಳು. ಕಾರಣ ಊರಿಗೆಲ್ಲ ಗೊತ್ತಿದೆ: ಆಳದ ಕೊಳವೆಬಾವಿಗಳ ಫ್ಲೋರೈಡ್ ನೀರು. ನಾವು ನೋವಿನ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಟ್ಟು ಕಳುಹಿಸುತ್ತೇವೆ. ಅವರು ಮನೆಗೆ ಹೋಗಿ ಅದೇ ನೀರಿನಲ್ಲಿ ಮಾತ್ರೆ ನುಂಗುತ್ತಾರೆ. ಒಂದು ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಹದಿನಾಲ್ಕು ತಿಂಗಳಾಯಿತು, ಬೀಗ ಹಾಕಿದ ಬಾಗಿಲಿಗೆ ಜೇಡರ ಬಲೆ ಕಟ್ಟಿದೆ. ಕಳೆದ ಸಭೆಯಲ್ಲಿ ಒಬ್ಬ ಸದಸ್ಯೆ, ‘ಶುದ್ಧ ನೀರು ಮತ್ತು ಆರೋಗ್ಯದ ಹಕ್ಕಿಗಾಗಿ ಶ್ರಮಿಸುವುದು’ ಎಂದು ಉದ್ದೇಶಗಳಲ್ಲಿ ಸೇರಿಸಲೇಬೇಕೆಂದರು. ನಮ್ಮಲ್ಲಿ ಹಿರಿಯರಾದ ನಿವೃತ್ತ ಕಾಂಪೌಂಡರ್ ಒಬ್ಬರು, ‘ಹಕ್ಕು ಎಂದು ಬರೆದ ದಿನವೇ ಪಂಚಾಯಿತಿಯವರು ಶಿಬಿರಕ್ಕೆ ಶಾಲೆಯ ಕೊಠಡಿ ಕೊಡುವುದನ್ನು ನಿಲ್ಲಿಸುತ್ತಾರೆ, ಸೇವೆ ಮಾಡುವವರು ಸೇವೆ ಮಾಡೋಣ’ ಎಂದರು. ಇಬ್ಬರ ಮಾತಿನಲ್ಲೂ ಹುರುಳಿದೆ ಎನ್ನಿಸುತ್ತದೆ. ಅನುಭವ ಉಳ್ಳವರು ತಿಳಿಸಬೇಕು.

ಉತ್ತರ 1: ಕಾಡಂಚಿನ ವೈದ್ಯ

ನಿಮ್ಮ ಪ್ರಶ್ನೆಗೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಒಂದು ಹಳೆಯ ಉತ್ತರವಿದೆ. ಡಾ. ಎಚ್. ಸುದರ್ಶನ್ ಅವರು ಅಲ್ಲಿ 1981ರಲ್ಲಿ ಆರಂಭಿಸಿದ ಸಂಸ್ಥೆಯ ಹೆಸರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ. ಹೆಸರಿನಲ್ಲಿರುವುದು ‘ಕಲ್ಯಾಣ’ವೇ ಹೊರತು ‘ಹಕ್ಕು’ ಅಲ್ಲ ಎಂಬುದನ್ನು ಗಮನಿಸಿ. ಆ ಬೆಟ್ಟದ ಗಿರಿಜನರಾದ ಸೋಲಿಗರ ಪೋಡುಗಳಲ್ಲಿ, ಎಂದರೆ ಅವರ ಹಾಡಿಗಳಲ್ಲಿ, ಚಿಕಿತ್ಸೆ ನೀಡುವುದರಿಂದ ಹೊರಟ ಕೆಲಸ ಶಾಲೆಗೆ, ಅಲ್ಲಿಂದ ಜೀವನೋಪಾಯಕ್ಕೆ, ಅಲ್ಲಿಂದ ಸೋಲಿಗರ ಸಂಘಟನೆಗೆ ಬೆಳೆಯಿತು. ಯಾರೋ ಕೋಣೆಯಲ್ಲಿ ಕುಳಿತು ಹಾಗೆ ಯೋಜಿಸಿದ್ದರಿಂದ ಇದು ಆಯಿತೆಂದು ನನಗೆ ಅನ್ನಿಸುವುದಿಲ್ಲ. ರೋಗದ ಬೇರನ್ನು ಹುಡುಕಿಕೊಂಡು ಹೋದ ವೈದ್ಯನಿಗೆ ದಾರಿ ತಾನಾಗಿ ಕಾಡಿನ ಕಾನೂನಿನವರೆಗೆ ಕರೆದೊಯ್ಯುತ್ತದೆ.

ಯೋಚಿಸಿ ನೋಡಿ. 1970ರ ದಶಕದಲ್ಲಿ ಆ ಕಾಡು ವನ್ಯಜೀವಿ ಧಾಮವಾದಾಗ ಸೋಲಿಗರ ಹಳೆಯ ಬೇಸಾಯಕ್ಕೆ ತಡೆ ಬಿತ್ತು, ಒಳಗಿನ ಪೋಡುಗಳನ್ನು ರಸ್ತೆಯ ಬದಿಗೆ ತಂದರು. ಉಳಿದದ್ದು ಜೇನು, ನೆಲ್ಲಿಕಾಯಿ, ಪಾಚಿ, ಅಂಟುವಾಳ ಸಂಗ್ರಹಿಸಿ ಲ್ಯಾಂಪ್ಸ್ ಎಂಬ ಗಿರಿಜನರ ಸಹಕಾರ ಸಂಘಕ್ಕೆ ಮಾರುವ ದಾರಿ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ನಂತರ, ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ನಿಷೇಧ ಬಂದಿತು. ಒಂದು ಮನೆಯ ವರಮಾನ ಹೀಗೆ ಕುಸಿದಾಗ ಆ ಮನೆಯ ಬಾಣಂತಿಗೆ ಕಬ್ಬಿಣಾಂಶದ ಮಾತ್ರೆ ಕೊಡುವ ವೈದ್ಯ ಏನು ಮಾಡಬೇಕು? 2006ರ ಅರಣ್ಯ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ ಸೋಲಿಗರ ಸಂಘಟನೆಗಳು ಗ್ರಾಮಸಭೆಗಳ ಮೂಲಕ ಅರ್ಜಿ ಹಾಕಿದವು. 2011ರಲ್ಲಿ ಸಮುದಾಯ ಅರಣ್ಯ ಹಕ್ಕುಪತ್ರಗಳು ಬಂದವು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು. ಹುಲಿ ಕಾಡಿನೊಳಗೆ ಸಮುದಾಯದ ಹಕ್ಕು ಮಾನ್ಯವಾದ ಮೊದಲ ನಿದರ್ಶನ ಅದು. ಅರ್ಜಿ ಹಾಕಿದವರು, ಹೋರಾಡಿದವರು ಸೋಲಿಗರೇ. ಆಸ್ಪತ್ರೆಯ ಸಂಸ್ಥೆ ಅವರ ಪರವಾಗಿ ಮಾತನಾಡಲಿಲ್ಲ, ಅವರ ಪಕ್ಕದಲ್ಲಿ ಇತ್ತು. ಈ ವ್ಯತ್ಯಾಸ ನಿಮ್ಮ ಕರಡಿನಲ್ಲೂ ಕಾಣಬೇಕು.

ಆದ್ದರಿಂದ ನನ್ನ ಸಲಹೆ: ನಿಮ್ಮ ಹಿರಿಯರ ಮನಸ್ಸು ನೋಯಿಸಿ ಆ ಪದವನ್ನು ಬಲವಂತವಾಗಿ ಸೇರಿಸಬೇಡಿ. ‘ರೋಗದ ಕಾರಣಗಳನ್ನು ನಿವಾರಿಸಲು ಗ್ರಾಮಸ್ಥರೊಡನೆ ಕೆಲಸ ಮಾಡುವುದು’ ಎಂದಿದ್ದರೆ ಸಾಕು, ಉಳಿದದ್ದೆಲ್ಲ ಅದರೊಳಗೆ ಬರುತ್ತದೆ.

ಉತ್ತರ 2: ಕೆಜಿಎಫ್ ಮೂಲದವನು

ಮೇಲಿನ ವೈದ್ಯರ ಮೇಲೆ ಗೌರವವಿದ್ದೂ ಅವರ ಕೊನೆಯ ಮಾತನ್ನು ಒಪ್ಪಲಾರೆ. ಪದವನ್ನು ಮುಚ್ಚಿಟ್ಟರೆ ಕೆಲಸವೂ ಮೆಲ್ಲಗೆ ಮರೆಯಾಗುತ್ತದೆ.

ನಾನು ಹುಟ್ಟಿದ್ದು ಕೋಲಾರ ಚಿನ್ನದ ಗಣಿಯ ಊರಿನಲ್ಲಿ. ಬೆಜವಾಡ ವಿಲ್ಸನ್ ಅವರೂ ಅದೇ ಊರಿನವರು. ಅವರ ಕುಟುಂಬಕ್ಕೆ ಕಟ್ಟಿಕೊಂಡು ಬಂದದ್ದು ಒಣ ಶೌಚಾಲಯಗಳ ಮಲ ಬಳಿಯುವ ಕೆಲಸ. ಆ ಕೆಲಸ ಮಾಡುವವರಿಗಾಗಿ ಒಂದು ಆರೋಗ್ಯ ಸಂಘ ಕಟ್ಟಬಹುದಿತ್ತು. ಕೈಗವಸು ಹಂಚಬಹುದಿತ್ತು, ಸಾಬೂನು ಕೊಡಬಹುದಿತ್ತು, ಚರ್ಮರೋಗದ ಶಿಬಿರ ನಡೆಸಬಹುದಿತ್ತು. ಅವೆಲ್ಲವೂ ಒಳ್ಳೆಯ ಕೆಲಸಗಳೇ, ಆದರೆ ಅವುಗಳಿಂದ ಆ ಪದ್ಧತಿ ಇನ್ನೂ ನಾಲ್ಕು ತಲೆಮಾರು ಅನುಕೂಲವಾಗಿ ನಡೆಯುತ್ತಿತ್ತು. 1994ರಲ್ಲಿ ವಿಲ್ಸನ್ ಮತ್ತವರ ಜೊತೆಗಾರರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನದ ಧ್ಯೇಯ ಒಂದೇ: ಮಲ ಹೊರುವ ಪದ್ಧತಿ ಕೊನೆಗಾಣಬೇಕು, ಆ ಜನ ಘನತೆಯ ಬದುಕಿಗೆ ಬರಬೇಕು. 1993ರ ನಿಷೇಧ ಕಾಯ್ದೆ ಕಾಗದದಲ್ಲೇ ಉಳಿದಿದ್ದುದರಿಂದ ಅವರು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2013ರಲ್ಲಿ ಹೊಸ ಕಾಯ್ದೆ ಬಂತು. 2014ರ ಮಾರ್ಚ್ 27ರ ತೀರ್ಪಿನಲ್ಲಿ, 1993ರಿಂದ ಈಚೆಗೆ ಒಳಚರಂಡಿ ಮತ್ತು ಮಲಗುಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಹೇಳಿತು; ಒಳಚರಂಡಿ ಸಾವಿನ ಪರಿಹಾರವನ್ನು 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಗುಂಡಿಯಲ್ಲಿ ಸಾಯುವುದು ಇಂದಿಗೂ ನಿಂತಿಲ್ಲ ಎಂಬುದೂ ನಿಜ. ಆದರೂ ಅದನ್ನು ‘ದುರದೃಷ್ಟ’ ಎಂದು ಹೇಳಿ ಕೈತೊಳೆದುಕೊಳ್ಳಲು ಈಗ ಯಾವ ಅಧಿಕಾರಿಗೂ ಸಾಧ್ಯವಿಲ್ಲ.

ಫ್ಲೋರೈಡ್ ನಿಮ್ಮ ಊರಿನ ಒಣ ಶೌಚಾಲಯ ಎಂದು ನಾನು ಹೇಳುತ್ತಿಲ್ಲ. ಒಂದು ಬಂಡೆಯಿಂದ ಬಂದದ್ದು, ಇನ್ನೊಂದು ಜಾತಿಯಿಂದ ಬಂದದ್ದು. ಆದರೆ ಬೀಗ ಬಿದ್ದ ಘಟಕ ಬಂಡೆಯಿಂದ ಬಂದದ್ದಲ್ಲ. ಮೂಳೆಗೆ ಇಳಿದ ಫ್ಲೋರೈಡನ್ನು ಯಾವ ಮಾತ್ರೆಯೂ ಹಿಂದಕ್ಕೆ ತೆಗೆಯುವುದಿಲ್ಲ ಎಂಬುದು ಆ ಕಾಂಪೌಂಡರ್ ಅವರಿಗೂ ತಿಳಿದಿರಬೇಕು. ಮಂಡಿಗೆ ಮಾತ್ರೆ ಕೊಡುವ ಸಂಘಕ್ಕೆ ಶಾಲೆಯ ಕೊಠಡಿ ಸಿಗುವುದೂ, ಘಟಕದ ಬಗ್ಗೆ ಕೇಳುವ ಸಂಘಕ್ಕೆ ಸಿಗದಿರುವುದೂ ಏನನ್ನು ತೋರಿಸುತ್ತದೆ?

ಉತ್ತರ 3: ಹಳೆಯ ಲೆಕ್ಕಿಗ

ಇಬ್ಬರು ಹಿರಿಯರು ತತ್ತ್ವ ಹೇಳಿದ್ದಾರೆ. ನಾನು ಇಪ್ಪತ್ತು ವರ್ಷ ಸಂಘ, ಟ್ರಸ್ಟುಗಳ ಲೆಕ್ಕ ನೋಡಿದವನು, ಕಾಗದದ ಮಾತು ಹೇಳುತ್ತೇನೆ.

‘ಹಕ್ಕು’ ಎಂಬ ಪದ ಇದ್ದ ಮಾತ್ರಕ್ಕೆ ನೋಂದಣಿ ನಿಲ್ಲುವುದಿಲ್ಲ. ಆದಾಯ ತೆರಿಗೆ ಕಾಯ್ದೆ ಧರ್ಮಾರ್ಥ ಉದ್ದೇಶವೆಂದು ಎಣಿಸಿದವುಗಳಲ್ಲಿ ಬಡವರ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಪರಿಸರ ರಕ್ಷಣೆ ಎಲ್ಲವೂ ಇವೆ. ಇವಲ್ಲದೆ ಸಾರ್ವಜನಿಕ ಉಪಯೋಗದ ಬೇರೆ ಉದ್ದೇಶಗಳಿಗೂ ಜಾಗವಿದೆ. ನಿಮ್ಮ ಕೆಲಸ ವೈದ್ಯಕೀಯ ನೆರವಿನ ಅಡಿಯಲ್ಲಿ ನೇರವಾಗಿ ಬರುತ್ತದೆ. ಅದನ್ನೇ ಮೊದಲ ಉದ್ದೇಶವಾಗಿ ಇಡಿ. ತೆರಿಗೆ ವಿನಾಯಿತಿ ಪಡೆದ ಮೇಲೆ ಉದ್ದೇಶಗಳನ್ನು ಷರತ್ತಿಗೆ ಹೊಂದದಂತೆ ತಿದ್ದಿದರೆ 30 ದಿನಗಳೊಳಗೆ ಹೊಸದಾಗಿ ಅರ್ಜಿ ಹಾಕಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆದ್ದರಿಂದ ‘ಈಗ ಆರೋಗ್ಯ ಎಂದಷ್ಟೇ ಬರೆಯೋಣ, ಮುಂದೆ ನೋಡೋಣ’ ಎನ್ನುವುದು ಜಾಣತನವಲ್ಲ. ನೀರಿನ ಕೆಲಸ ಮಾಡುವ ಮನಸ್ಸಿದ್ದರೆ ಇಂದೇ ಬರೆಯಿರಿ.

ಹಣ ಕೊಡುವವರ ವಿಷಯ ಬೇರೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಬಯಸುವುದಾದರೆ, 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಆರೋಗ್ಯ, ನೈರ್ಮಲ್ಯ, ಸುರಕ್ಷಿತ ಕುಡಿಯುವ ನೀರು ಹೆಸರು ಹಿಡಿದೇ ಇವೆ. ಮಾನವ ಹಕ್ಕು ಎಂಬ ಬಾಬತ್ತು ಅಲ್ಲಿಲ್ಲ. ವಿದೇಶಿ ದೇಣಿಗೆಯ ಯೋಚನೆಯನ್ನು ಈ ಗಾತ್ರದ ಸಂಘ ಸದ್ಯಕ್ಕೆ ಬಿಡುವುದೇ ಲೇಸು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ನಂತರ ಆಡಳಿತ ವೆಚ್ಚಕ್ಕೆ ಶೇ 20ರ ಮಿತಿ, ದೆಹಲಿಯ ಒಂದೇ ಬ್ಯಾಂಕ್ ಶಾಖೆಯಲ್ಲಿ ಖಾತೆ, ಇತ್ಯಾದಿ.

ಇನ್ನೊಂದು ಮಾತು. ನೂರಾರು ಬೈಲಾಗಳನ್ನು ಓದಿದ್ದೇನೆ. ‘ಸಮಗ್ರ’, ‘ಸುಸ್ಥಿರ’, ‘ಸಬಲೀಕರಣ’ ಎಂಬ ಮೂರು ಪದಗಳನ್ನು ತೆಗೆದರೆ ಅರ್ಧದಷ್ಟು ಸಂಘಗಳ ಧ್ಯೇಯದಲ್ಲಿ ಕ್ರಿಯಾಪದವೂ ಉಳಿಯುವುದಿಲ್ಲ. ‘ಮಾನವ ಹಕ್ಕುಗಳ ಸಂರಕ್ಷಣೆ’ ಎಂದು ಒಂದು ಸಾಲು ಬರೆದು ಅದರ ಕೆಳಗೆ ಒಂದು ರೂಪಾಯಿಯನ್ನೂ ಖರ್ಚು ಮಾಡದ ಸಂಘಗಳನ್ನು ಬೇಕಾದಷ್ಟು ಕಂಡಿದ್ದೇನೆ. ವರ್ಷದ ಕೊನೆಗೆ ವೆಚ್ಚದ ಪಟ್ಟಿಯಲ್ಲಿ ತೋರಿಸಲಾಗದ ಉದ್ದೇಶವನ್ನು ಬರೆಯಬೇಡಿ.

ಮರುಪ್ರಶ್ನೆ: ಗಡಿ ತಾಲ್ಲೂಕಿನವಳು

ಮೂವರಿಗೂ ಕೃತಜ್ಞತೆಗಳು. ಲೆಕ್ಕಿಗರ ಕೊನೆಯ ಮಾತು ಹಿಡಿದು ನಿನ್ನೆ ರಾತ್ರಿ ಕರಡನ್ನು ಮತ್ತೆ ಬರೆದೆ:

‘ಒಂದು: ಈ ಒಂಬತ್ತು ಗ್ರಾಮಗಳ ನಿವಾಸಿಗಳಿಗೆ ಉಚಿತ ತಪಾಸಣೆ ಮತ್ತು ಚಿಕಿತ್ಸೆಯ ನೆರವು ನೀಡುವುದು. ಎರಡು: ಈ ಗ್ರಾಮಗಳ ಕುಡಿಯುವ ನೀರಿನ ಮೂಲಗಳನ್ನು ವರ್ಷಕ್ಕೆ ಎರಡು ಬಾರಿ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಗ್ರಾಮಸಭೆಯ ಮುಂದೆ ಇಡುವುದು. ಮೂರು: ಸುರಕ್ಷಿತ ನೀರು ಪಡೆಯುವುದು ತಮ್ಮ ಹಕ್ಕೆಂದು ಗ್ರಾಮಸ್ಥರು ಗ್ರಾಮಸಭೆಯಲ್ಲಿ ಒತ್ತಾಯಿಸಲು ಬೇಕಾದ ಮಾಹಿತಿ, ಬರವಣಿಗೆ ಮತ್ತು ಕಾನೂನಿನ ನೆರವು ಒದಗಿಸುವುದು.’

ಕಾಂಪೌಂಡರ್ ಅವರಿಗೆ ಓದಿ ಹೇಳಿದೆ. ಎರಡನೆಯದನ್ನು ತಕ್ಷಣ ಒಪ್ಪಿದರು, ಪರೀಕ್ಷೆಗೆ ನೀರು ತಾವೇ ಹಿಡಿದು ತರುವುದಾಗಿಯೂ ಹೇಳಿದರು. ಮೂರನೆಯದರಲ್ಲಿ ‘ಒತ್ತಾಯಿಸಲು’ ಎಂಬುದನ್ನು ‘ವಿನಂತಿಸಲು’ ಎಂದು ಮಾಡಬಹುದೇ ಎಂದು ಕೇಳಿದ್ದಾರೆ.

ಉತ್ತರ 4: ಕಾಡಂಚಿನ ವೈದ್ಯ

ನನ್ನ ಸಾಲಿಗಿಂತ ನಿಮ್ಮದು ಮೇಲು. ‘ರೋಗದ ಕಾರಣ’ ಎಂದು ನಾನು ಸುತ್ತಿ ಹೇಳಿದ್ದನ್ನು ನೀವು ನೀರು ಎಂದೇ ಹೇಳಿದ್ದೀರಿ. ಕೆಜಿಎಫ್‌ನ ಸ್ನೇಹಿತರ ಮಾತನ್ನೂ ಅಷ್ಟರಮಟ್ಟಿಗೆ ಒಪ್ಪುತ್ತೇನೆ. ಒಂದು ಸೇರ್ಪಡೆ: ಫ್ಲೋರೈಡಿನ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಿತಿ. ಫಲಿತಾಂಶವನ್ನು ಸಭೆಯ ಮುಂದಿಡುವಾಗ ಈ ಅಂಕಿಯ ಪಕ್ಕದಲ್ಲಿಯೇ ನಿಮ್ಮ ಕೊಳವೆಬಾವಿಯ ಅಂಕಿಯನ್ನು ಬರೆದು ತೋರಿಸಿ. ನೀರನ್ನು ಊರಲ್ಲೇ ಪರೀಕ್ಷಿಸುವ ಕ್ಷೇತ್ರ ಪರೀಕ್ಷಾ ಕಿಟ್ ಬಳಸಲು ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕೆಂಬ ನಿಯಮವಿದೆ. ನಿಮ್ಮ ಹಳ್ಳಿಗಳಲ್ಲಿ ಆ ಐವರು ಯಾರೆಂದು ಮೊದಲು ವಿಚಾರಿಸಿ.

ಉತ್ತರ 5: ಹಳೆಯ ಲೆಕ್ಕಿಗ

‘ಒತ್ತಾಯಿಸಲು’ ಇರಲಿ. ವಿನಂತಿ ಮಾಡಲು ಸಂಘ ಬೇಕಾಗಿಲ್ಲ, ಒಂದು ಅಂಚೆ ಕಾರ್ಡು ಸಾಕು. ಆದರೆ ‘ಈ ಒಂಬತ್ತು ಗ್ರಾಮಗಳ’ ಎಂಬಲ್ಲಿ ‘ಮತ್ತು ಸುತ್ತಮುತ್ತಲಿನ’ ಎಂದು ಸೇರಿಸಿ. ಹತ್ತನೆಯ ಹಳ್ಳಿಯವರು ಕರೆದ ದಿನ ಉದ್ದೇಶ ತಿದ್ದುತ್ತಾ ಕೂರಬೇಕಾಗುತ್ತದೆ. ಕರಡನ್ನು ಒಪ್ಪಿದ ಸಭೆಯ ನಡಾವಳಿಗೆ ಹನ್ನೊಂದು ಜನರ ಸಹಿಯನ್ನೂ ಪಡೆಯಿರಿ, ಕಾಂಪೌಂಡರ್ ಅವರದನ್ನು ಮೊದಲು.