ಎರಡು ಪ್ರಭೇದಗಳ ಹತ್ತಿ ಕೂಡಿ ಕಾಯಿ ಕಟ್ಟುವುದು ಹೇಗೆ?

ಪ್ರಶ್ನೆ – ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ
ಒಂದು ಪ್ರಭೇದದ ಜೀವಿಗಳು ತಮ್ಮೊಳಗೇ ಕೂಡಿ ಫಲವತ್ತಾದ ಸಂತತಿಯನ್ನು ಪಡೆಯುತ್ತವೆ, ಬೇರೆ ಪ್ರಭೇದದೊಡನೆ ಹಾಗಾಗದು ಎಂದು ನಾವು ಓದಿದ್ದೇವೆ. ಆದರೆ ಭರಮಸಾಗರದ ಕಡೆಯ ನಮ್ಮ ಹೊಲದಲ್ಲಿ ತಾತ ಬೆಳೆಯುತ್ತಿದ್ದ ವರಲಕ್ಷ್ಮಿ ಹತ್ತಿ ಎರಡು ಪ್ರಭೇದಗಳ ಮಿಶ್ರತಳಿಯಂತೆ. ಅದು ಗೊಡ್ಡಾಗದೆ ಗಿಡದ ತುಂಬ ಕಾಯಿ ಕಟ್ಟುತ್ತಿತ್ತಂತೆ. ಹಾಗಾದರೆ ಆ ಎರಡನ್ನೂ ಒಂದೇ ಪ್ರಭೇದವೆಂದು ತಿಳಿಯಬೇಕೇ?

ಉತ್ತರ – ಸಸ್ಯಶಾಸ್ತ್ರ ಉಪನ್ಯಾಸಕ, ದಾವಣಗೆರೆ
ನೀವು ಓದಿದ್ದು ಅರ್ನ್ಸ್ಟ್ ಮೇಯರ್ 1942ರಲ್ಲಿ ಮಂಡಿಸಿದ ವ್ಯಾಖ್ಯೆ. ಪಕ್ಷಿಗಳನ್ನು ಅಭ್ಯಾಸ ಮಾಡಿದವರ ವ್ಯಾಖ್ಯೆಯಾದ್ದರಿಂದ ಅದು ಸಸ್ಯಗಳಿಗೆ ಅಷ್ಟು ಸಲೀಸಾಗಿ ಒಗ್ಗುವುದಿಲ್ಲ. ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿಯ ತಾಯಿ ಗಾಸಿಪಿಯಂ ಹಿರ್ಸುಟಂ ಪ್ರಭೇದದ 'ಲಕ್ಷ್ಮಿ' ತಳಿ, ತಂದೆ ಗಾಸಿಪಿಯಂ ಬಾರ್ಬಡೆನ್ಸ್. ಎರಡರಲ್ಲೂ ವಂಶವಾಹಿಗಳನ್ನು ಹೊತ್ತ 52 ವರ್ಣತಂತುಗಳಿದ್ದು, ಅವು ಸರಿಯಾಗಿ ಜೋಡಿಯಾಗುವುದರಿಂದ ಮೊದಲ ತಲೆಮಾರು ಫಲವತ್ತಾಗಿರುತ್ತದೆ. ತೊಡಕು ಕಾಣುವುದು ಆಮೇಲೆ. ಆ ಬೀಜವನ್ನೇ ಮತ್ತೆ ಬಿತ್ತಿದರೆ ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳ ಬಗ್ಗೆ ಬರೆದಂತೆ ಗುಣಗಳು ಬೇರ್ಪಟ್ಟು ಹೊಸದಾಗಿ ಕೂಡಿಕೊಳ್ಳುತ್ತವೆ. ಅಷ್ಟೇ ಅಲ್ಲ, ಲಕ್ಷಾಂತರ ವರ್ಷ ಬೇರೆ ಬೇರೆಯಾಗಿ ಬಾಳಿ ತಮ್ಮೊಳಗೇ ಹೊಂದಿಕೊಂಡಿದ್ದ ವಂಶವಾಹಿಗಳ ಕಟ್ಟು ಒಡೆದು, ಸೊರಗಿದ ಗಿಡಗಳೂ ಹುಟ್ಟುತ್ತವೆ. ಪ್ರಭೇದಗಳ ನಡುವಿನ ಬೇಲಿ ಇಲ್ಲಿ ಎರಡನೆಯ ತಲೆಮಾರಿನಲ್ಲಿದೆ, ಹಾಗಾಗಿ ಅವುಗಳನ್ನು ಬೇರೆಯೆಂದೇ ಎಣಿಸುತ್ತಾರೆ.

ಉತ್ತರ – ಬೀಜೋತ್ಪಾದನೆ ಮಾಡಿದ ರೈತ, ಹಿರಿಯೂರು
ಲಕ್ಷ್ಮಿಯ ಹೂವು ಕೆನೆಬಣ್ಣದ್ದು. ಗಂಡುಸಾಲಿನ, ಅಂದರೆ ಬಾರ್ಬಡೆನ್ಸ್‌ನ, ಹೂವು ಗಾಢ ಹಳದಿ, ಎಸಳಿನ ಬುಡದಲ್ಲಿ ಕೆಂಪು ಮಚ್ಚೆ. ಮರುದಿನ ಅರಳಲಿರುವ ಮೊಗ್ಗಿನ ಕೇಸರಗಳನ್ನು ಸಂಜೆಯೇ ಉಗುರಿನಿಂದ ಬಿಡಿಸಿ, ಬೆಳಿಗ್ಗೆ ಗಂಡು ಹೂವಿನ ಪರಾಗವನ್ನು ಅದರ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ತುದಿಗೆ, ಸವರುತ್ತಿದ್ದೆವು. ಇಷ್ಟೆಲ್ಲ ಮಾಡದಿದ್ದರೆ ಹತ್ತಿ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ನಮ್ಮ ಜಯಧರ ಹತ್ತಿಯೊಡನೆ ಲಕ್ಷ್ಮಿಯನ್ನು ಹೀಗೆ ಕೂಡಿಸಬಹುದೇ?

ಉತ್ತರ – ಅದೇ ಉಪನ್ಯಾಸಕ
ಕೂಡಿಸಿದರೂ ಬೀಜ ಸಿಗುವುದೇ ಕಷ್ಟ, ಸಿಕ್ಕಿ ಗಿಡವಾದರೂ ಅದು ಗೊಡ್ಡು. ಜಯಧರ ಗಾಸಿಪಿಯಂ ಹರ್ಬೇಸಿಯಂ ಪ್ರಭೇದದ್ದು, ಅದರ ವರ್ಣತಂತುಗಳು 26. ಪ್ರತಿಯೊಂದರಿಂದ ಅರ್ಧದಂತೆ ಅದರಿಂದ 13, ಲಕ್ಷ್ಮಿಯಿಂದ 26 ಸೇರಿ ಸಂತತಿಯಲ್ಲಿ 39 ಆಗುವುದರಿಂದ ಎಷ್ಟೋ ವರ್ಣತಂತುಗಳಿಗೆ ಜೋಡಿಯೇ ಇರುವುದಿಲ್ಲ. ಆದರೆ ವರ್ಣತಂತುಗಳ ಸಂಖ್ಯೆಯೇ ಇಮ್ಮಡಿಯಾದರೆ ಪ್ರತಿಯೊಂದಕ್ಕೂ ಜೊತೆ ಸಿಗುತ್ತದೆ. ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ, ಹರ್ಬೇಸಿಯಂಗೆ ಹತ್ತಿರದ ಒಂದು ಹತ್ತಿ ಅಮೆರಿಕದ 26 ವರ್ಣತಂತುಗಳ ಕಾಡುಹತ್ತಿಯೊಡನೆ ಬೆರೆತು ಹೀಗೆಯೇ ಇಮ್ಮಡಿಯಾದಾಗ 52ರ ಹೊಸ ಗಿಡ ಹುಟ್ಟಿತು. ಹಿರ್ಸುಟಂ, ಬಾರ್ಬಡೆನ್ಸ್ ಎರಡೂ ಆ ಮೂಲದಿಂದಲೇ ಕವಲೊಡೆದವು. ವರಲಕ್ಷ್ಮಿಯಲ್ಲಿ ಅವುಗಳ ವರ್ಣತಂತುಗಳು ಇಂದಿಗೂ ಜೋಡಿಯಾಗುವುದು ಅದಕ್ಕೇ.