ಮಳೆಗಾಲದಲ್ಲಿ ನಾಯಿಯ ಕೀಲುನೋವು: ಚೀನೀ ಪದ್ಧತಿಯ ಸೂಜಿ ಮತ್ತು ಮೂಲಿಕೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಪ್ರಶ್ನೆ (ಮುಲುಂಡ್, ಮುಂಬಯಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹೆಣ್ಣು ಲ್ಯಾಬ್ರಡಾರ್ ನಾಯಿಗೆ ಒಂಬತ್ತು ವರ್ಷ. ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಏಳುವಾಗ ಮುಂಗಾಲುಗಳ ಮೇಲೆ ಭಾರ ಹಾಕಿ ಹಿಂಭಾಗವನ್ನು ಎಳೆದುಕೊಂಡು ನಿಲ್ಲುತ್ತದೆ. ಸ್ವಲ್ಪ ಓಡಾಡಿದ ಮೇಲೆ ಸಲೀಸಾಗುತ್ತದೆ. ಪ್ರಾಣಿಗಳಿಗೆ ಸಮಗ್ರ ಚಿಕಿತ್ಸೆ ಕೊಡುವವರೊಬ್ಬರು ಅದರ ನಾಲಿಗೆಯ ಬಣ್ಣ ನೋಡಿ, ಹಿಂದೊಡೆಯ ಒಳಬದಿಯಲ್ಲಿ ನಾಡಿ ಹಿಡಿದು, ಶೀತ ಮತ್ತು ತೇವ ಕೀಲುಗಳಲ್ಲಿ ಸೇರಿಕೊಂಡು 'ಚಿ' ಎಂಬ ಪ್ರಾಣಶಕ್ತಿಯ ಹರಿವು ತಡೆಯಾಗಿದೆ ಎಂದರು. ಸೂಜಿ ಚಿಕಿತ್ಸೆ, ಒಂದು ಮೂಲಿಕೆಯ ಪುಡಿ ಮತ್ತು ಶುಂಠಿ ಹಾಕಿದ ಕುರಿಮಾಂಸದ ಸಾರನ್ನು ಸೂಚಿಸಿದ್ದಾರೆ. ಪುಡಿಯ ಡಬ್ಬಿಯ ಮೇಲೆ ಚೀನೀ ಅಕ್ಷರಗಳಷ್ಟೇ ಇವೆ. ಎಕ್ಸ್‌ರೇ ಅನಗತ್ಯವೆಂದೂ ಹೇಳಿದರು. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1 (ಪಶುವೈದ್ಯ, ಪುಣೆ)

ಮೇಡಂ, ಸೂಜಿ ಚಿಕಿತ್ಸೆಯ ಬಗ್ಗೆ ನನಗೆ ವಿರೋಧವಿಲ್ಲ. ಎಕ್ಸ್‌ರೇ ಬೇಡ ಎನ್ನುವ ಮಾತಿಗೆ ಮಾತ್ರ ಖಂಡಿತ ವಿರೋಧವಿದೆ. ನೀವು ವಿವರಿಸಿದ ಲಕ್ಷಣ ಸೊಂಟದ ಕೀಲಿನ ಸವೆತಕ್ಕೆ ಹೊಂದುತ್ತದೆ ಎನ್ನುವುದು ನಿಜ, ಆದರೆ ನಮ್ಮ ಕಡೆಯ ಮಳೆಗಾಲದಲ್ಲಿ ಉಣ್ಣಿಯಿಂದ ಹರಡುವ ಜ್ವರವೂ ಕೀಲುಗಳನ್ನು ಹಿಡಿದು ನಾಯಿಯನ್ನು ಕುಂಟಿಸುತ್ತದೆ. ತುಟಿ ಎತ್ತಿ ಒಸಡನ್ನು ನೋಡಿ: ಅದು ಬಿಳಿಚಿಕೊಂಡಿದ್ದರೆ, ಕಿವಿಯ ಮಡಿಕೆಯಲ್ಲೋ ಬೆರಳುಗಳ ಸಂದಿಯಲ್ಲೋ ಉಣ್ಣಿ ಕಂಡರೆ, ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಚೀನೀ ವೈದ್ಯರೂ ಬಿಳಿಚಿದ ನಾಲಿಗೆಯನ್ನು ರಕ್ತದ ಕೊರತೆಯ ಗುರುತಾಗಿ ಓದುತ್ತಾರೆ, ಆದರೆ ಆ ರಕ್ತವನ್ನು ಉಣ್ಣಿ ಹರಡುವ ಎರ್ಲಿಕಿಯಾ ರೋಗಾಣು ಕೆಡಿಸುತ್ತಿದೆಯೇ ಎಂಬುದನ್ನು ನಾಲಿಗೆ ಹೇಳಲಾರದು. (ಬೆಳೆದ ಚೌ ಚೌ ತಳಿಯ ನಾಯಿಯ ನಾಲಿಗೆ ಸಹಜವಾಗಿಯೇ ನೀಲಿಗಪ್ಪು, ಅಲ್ಲಂತೂ ಈ ಓದು ಇನ್ನೂ ಕಷ್ಟ.)

ಸವೆತವೇ ಎಂದು ಖಚಿತವಾದರೆ ಸೂಜಿಗಳನ್ನು ನೋವಿನ ಔಷಧದ ಜೊತೆಗೆ ಬಳಸಬಹುದು. ಸೊಂಟದ ಬೆನ್ನುಮೂಳೆಯ ಇಕ್ಕೆಲಗಳಲ್ಲಿ, ಬೆನ್ನುಮೂಳೆ ಮತ್ತು ತ್ರಿಕಾಸ್ಥಿ (ಸೊಂಟದ ಹಿಂದಿನ ತ್ರಿಕೋನಾಕಾರದ ಮೂಳೆ) ಕೂಡುವ 'ಬಾಯ್ ಹ್ವೇ' ಬಿಂದುವಿನಲ್ಲಿ, ಹಿಂಗಾಲಿನ ಮೊಣಕಾಲ ಕೆಳಗೆ ಹೊರಬದಿಯಲ್ಲಿ ತೆಳುವಾದ ಸೂಜಿಗಳನ್ನಿಟ್ಟು ಹತ್ತಿಪ್ಪತ್ತು ನಿಮಿಷ ಬಿಡುತ್ತಾರೆ. 'ಚಿ'ಯನ್ನು ಒಪ್ಪದವರಿಗೂ ಇದಕ್ಕೊಂದು ವಿವರಣೆ ಇದೆ: ಸೂಜಿ ನರಗಳನ್ನು ಕೆರಳಿಸಿದಾಗ ದೇಹ ತನ್ನದೇ ನೋವುನಿವಾರಕಗಳಾದ ಎಂಡಾರ್ಫಿನ್‌ಗಳನ್ನು ಬಿಡುಗಡೆ ಮಾಡುತ್ತದೆ. 1970ರ ದಶಕದ ಪ್ರಯೋಗಗಳಲ್ಲಿ ಅವುಗಳನ್ನು ತಡೆಯುವ ನಲೋಕ್ಸೋನ್ ಕೊಟ್ಟಾಗ ಸೂಜಿಯ ಪರಿಣಾಮ ಕುಗ್ಗಿದ್ದು ಕಂಡುಬಂದಿತ್ತು.

ಪುಡಿಯನ್ನು ಮಾತ್ರ ದಯವಿಟ್ಟು ಕೊಡಬೇಡಿ. ಶೀತದಿಂದ ಬಂದ ನೋವಿಗೆಂದು ಚೀನೀ ಪದ್ಧತಿಯಲ್ಲಿ ಬಳಸುವ 'ಫೂಝಿ' ನಮ್ಮ ವಿಷಮೂಲಿಕೆ ವತ್ಸನಾಭಿಯ ಕುಲಕ್ಕೇ ಸೇರಿದ ಗಡ್ಡೆ. ಸಂಸ್ಕರಣೆ ಸರಿಯಾಗದಿದ್ದರೆ ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಅರಿಸ್ಟೊಲೋಕಿಕ್ ಆಮ್ಲವಿರುವ ಮೂಲಿಕೆಗಳು ಮೂತ್ರಪಿಂಡಗಳನ್ನು ಕೆಡಿಸುತ್ತವೆ. ನಿಮ್ಮ ಡಬ್ಬಿಯಲ್ಲಿ ಇವು ಇವೆ ಎಂದು ನಾನು ಹೇಳುತ್ತಿಲ್ಲ, ಇಲ್ಲ ಎಂದು ಯಾರೂ ಹೇಳುವಂತಿಲ್ಲ ಎನ್ನುವುದೇ ತೊಂದರೆ.

ಉತ್ತರ 2 (ಗೋರೆಗಾಂವ್)

ಡಾಕ್ಟರರು ಸೂಜಿಯ ವಿಷಯದಲ್ಲಿ ತುಸು ಉದಾರವಾಗಿದ್ದಾರೆ ಎನಿಸುತ್ತದೆ. ಪ್ರಾಣಿಗಳ ಮೇಲಿನ ಸೂಜಿ ಚಿಕಿತ್ಸೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಇದನ್ನು ಶಿಫಾರಸು ಮಾಡಲೂ ತಳ್ಳಿಹಾಕಲೂ ಸಾಕಾಗುವಷ್ಟು ಬಲವಾದ ಪುರಾವೆ ಇಲ್ಲವೆಂದೇ ತೀರ್ಮಾನಿಸಿತ್ತು. ಅದೂ ಅಲ್ಲದೆ, ಹಣ ಕೊಟ್ಟು ಬಂದ ಯಜಮಾನರ ಕಣ್ಣಿಗೆ ನಾಯಿ ಸುಧಾರಿಸಿದಂತೆ ಕಾಣುವುದು ಸಹಜ. ಮಾಡಿಸುವುದಾದರೆ ಮೊದಲೂ ಆಮೇಲೂ ಅದು ಏಳುವುದನ್ನು, ಮೆಟ್ಟಿಲು ಹತ್ತುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಸೂಜಿಯ ವಿಷಯ ತಿಳಿಯದ ಒಬ್ಬರಿಗೆ ತೋರಿಸಿ.

ಉತ್ತರ 3 (ಮಡಗಾಂವ್, ಗೋವಾ)

ನಮ್ಮ ಡ್ಯಾಶ್‌ಹುಂಡ್‌ಗೆ ಬೆನ್ನಿನ ಡಿಸ್ಕ್ ಜಾರಿದಾಗ ಪಶುವೈದ್ಯರೇ ಔಷಧ ಮತ್ತು ವಿಶ್ರಾಂತಿಯ ಜೊತೆಗೆ ಸೂಜಿಗಳಿಗೆ ಸಣ್ಣ ವಿದ್ಯುತ್ ಹರಿಸುವ ಚಿಕಿತ್ಸೆ ಕೊಟ್ಟರು. ನಾಯಿ ಮತ್ತೆ ನಡೆಯಿತು. ಯಾವುದರಿಂದ ಎಷ್ಟು ಗುಣವಾಯಿತೆಂದು ನಾನು ಹೇಳಲಾರೆ. ಮೊದಲ ಸೂಜಿಗೆ ತಿರುಗಿ ನೋಡಿದ್ದು ಬಿಟ್ಟರೆ ಉಳಿದ ಹೊತ್ತು ಗದ್ದವನ್ನು ನನ್ನ ಚಪ್ಪಲಿಯ ಮೇಲಿಟ್ಟು ತೂಕಡಿಸುತ್ತಿತ್ತು. ಸೂಜಿ ಹಾಕುವವರು ನೋಂದಾಯಿತ ಪಶುವೈದ್ಯರೇ ಎಂದು ಮೊದಲು ಕೇಳಿಕೊಳ್ಳಿ. ಮನೆಯ ಟೈಲ್ಸ್ ಜಾರುತ್ತಿದ್ದರೆ ಅದು ಓಡಾಡುವ ದಾರಿಯುದ್ದಕ್ಕೂ ರಬ್ಬರ್ ಮ್ಯಾಟ್ ಹಾಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಒಸಡು ಕೆಂಪಗೇ ಇದೆ, ಉಣ್ಣಿ ಕಾಣಲಿಲ್ಲ. ಆದರೂ ರಕ್ತಪರೀಕ್ಷೆ ಮತ್ತು ಎಕ್ಸ್‌ರೇಗೆ ಸಮಯ ಪಡೆದಿದ್ದೇನೆ. ಸಾರನ್ನಾದರೂ ಕೊಡಬಹುದೇ, ಡಾಕ್ಟರೇ?

ಉತ್ತರ 1 (ಪಶುವೈದ್ಯ, ಪುಣೆ)

ಈರುಳ್ಳಿ, ಬೆಳ್ಳುಳ್ಳಿ ಹಾಕದೆ, ಮೇಲಿನ ಕೊಬ್ಬು ತೆಗೆದು, ಊಟದ ಲೆಕ್ಕದೊಳಗೇ ಸ್ವಲ್ಪ ಕೊಡಬಹುದು. ಆದರೆ ಲ್ಯಾಬ್ರಡಾರ್‌ಗಳ ಕೀಲಿಗೆ ಉಷ್ಣ–ಶೀತಕ್ಕಿಂತ ತೂಕ ದೊಡ್ಡ ವಿಷಯ. ಅದೇ ತಳಿಯ ನಾಯಿಗಳನ್ನು ಜೀವಮಾನವಿಡೀ ಗಮನಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯವಕ್ಕಿಂತ ಶೇಕಡ 25ರಷ್ಟು ಕಡಿಮೆ ತಿಂದ ನಾಯಿಗಳು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಕೀಲುಸವೆತವೂ ಅವಕ್ಕೆ ತಡವಾಗಿ ಬಂತು. ಎಕ್ಸ್‌ರೇ ದಿನ ತೂಕವನ್ನೂ ಹಾಕಿಸಿ, ಆ ಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.